ಕುಮಾರಪಟ್ಟಣದ ದಾರಿಯಲ್ಲಿ ಹಾಜರಿ ಇಲ್ಲದ ದುಡಿಮೆ

ಹಾವೇರಿಯಿಂದ ರಾಷ್ಟ್ರೀಯ ಹೆದ್ದಾರಿ 48 ಹಿಡಿದು ದಕ್ಷಿಣಕ್ಕೆ ಹೊರಟರೆ, ಜಿಲ್ಲೆಯ ಗಡಿ ಬರುವಷ್ಟರಲ್ಲಿ ಹೆಂಗಸರ ದುಡಿಮೆ ಹಲವು ವೇಷಗಳಲ್ಲಿ ಎದುರಾಗುತ್ತದೆ. ಮೋಟೆಬೆನ್ನೂರಿನಲ್ಲಿ ಬಲಕ್ಕೆ ಹೊರಳಿದರೆ ಬ್ಯಾಡಗಿ. ಹಂಗಾಮಿನ ಸೋಮವಾರ, ಗುರುವಾರಗಳಲ್ಲಿ ಇಲ್ಲಿನ ಎಪಿಎಂಸಿ ಅಂಗಳದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮೆಣಸಿನಕಾಯಿಯ ಘಾಟಿಗೆ ಹೊಸಬರು ಕೆಮ್ಮುತ್ತಲೇ ತಿರುಗುತ್ತಾರೆ. ಆ ಘಾಟಿನ ನಡುವೆಯೇ ಮೂಗಿಗೆ ಸೆರಗು ಬಿಗಿದುಕೊಂಡು, ದಿನವಿಡೀ ಕುಳಿತು ತೊಟ್ಟು ಬಿಡಿಸುವವರು, ಬಣ್ಣ ನೋಡಿ ಕಾಯಿ ವಿಂಗಡಿಸುವವರು ಬಹುಪಾಲು ಹೆಂಗಸರೇ. ಹೆದ್ದಾರಿಗೆ ಮರಳಿ ಮುಂದೆ ಹೋದರೆ ರಾಣೆಬೆನ್ನೂರು. ಇದು ಹೈಬ್ರಿಡ್ ತರಕಾರಿ ಬೀಜದ ಸೀಮೆ. ಹೂವಿನ ಗಂಡು ಭಾಗವನ್ನು ಚಿಮಟದಿಂದ ಕಿತ್ತು, ಬೇರೆ ಗಿಡದ ಪರಾಗವನ್ನು ಒಂದೊಂದೇ ಹೂವಿಗೆ ತಾಗಿಸುವ ‘ಕ್ರಾಸಿಂಗ್’ ಕೆಲಸಕ್ಕೆ ಸಣ್ಣ ಬೆರಳು ಬೇಕು ಎಂದು ಹೆಂಗಸರನ್ನೇ, ಎಷ್ಟೋ ಕಾಲ ಶಾಲೆಗೆ ಹೋಗುವ ಹುಡುಗಿಯರನ್ನೂ, ಹಚ್ಚಿದ ಹೊಲಗಳು ಇವು. ಚಳಗೇರಿ ದಾಟಿದ ಮೇಲೆ ಎತ್ತರದ ಚಿಮಣಿಗಳು ಕಾಣುತ್ತವೆ, ಗಾಳಿ ಈ ಕಡೆ ಬೀಸಿದರೆ ಗಂಧಕದ ವಾಸನೆ ಮೊದಲೇ ಬರುತ್ತದೆ. ತುಂಗಭದ್ರೆಯ ಈಚೆ ದಡದ ಕುಮಾರಪಟ್ಟಣ ಇದೇ. ಆಚೆ ದಡ ಹರಿಹರ, ದಾವಣಗೆರೆ ಜಿಲ್ಲೆ.

ಕುಮಾರಪಟ್ಟಣವನ್ನು ಊರು ಎನ್ನುವುದಕ್ಕಿಂತ ಕಾರ್ಖಾನೆಯ ಸುತ್ತ ಬೆಳೆದ ವಸತಿ ಎನ್ನುವುದು ಸರಿ. ಮರದಿಂದ ರೇಯಾನ್ ದರ್ಜೆಯ ಪಲ್ಪ್ ತೆಗೆಯುವ ಹರಿಹರ ಪಾಲಿಫೈಬರ್ಸ್ ಇಲ್ಲಿ ಶುರುವಾದದ್ದು 1972ರಲ್ಲಿ. ಅದರ ಬೆನ್ನಿಗೇ 1977ರಲ್ಲಿ ನೂಲಿನ ಎಳೆ ತಯಾರಿಸುವ ಗ್ರಾಸಿಲೀನ್ ಬಂತು. ಹೆಸರು ಹೊಳೆಯಾಚೆಯ ಊರಿನದು, ನೆಲ ರಾಣೆಬೆನ್ನೂರು ತಾಲ್ಲೂಕಿನದು. ಇಂಥ ಕಾರ್ಖಾನೆಯ ಗೇಟು ದಾಟುವ ಕಾಯಂ ಕಾರ್ಮಿಕನ ಹಿಂದೆ ಅರ್ಧ ಡಜನ್ ಕಾನೂನುಗಳು ನಡೆದು ಬಂದಿವೆ. 1948ರ ಕಾರ್ಖಾನೆ ಕಾಯ್ದೆ ವಾರಕ್ಕೊಂದು ಸೂಟಿ ಕೊಟ್ಟಿತು. 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಕೂಸುಗಳಿಗೆ ಕೋಣೆ ಇರಬೇಕು ಎಂದಿತು. ಅದೇ ವರ್ಷದ ಇಎಸ್‌ಐ ಕಾಯ್ದೆ ಆಸ್ಪತ್ರೆ ತೋರಿಸಿತು, 1952ರ ಭವಿಷ್ಯ ನಿಧಿ ಕಾಯ್ದೆ ಮುಪ್ಪಿಗೆ ಒಂದಿಷ್ಟು ಉಳಿಸಿತು. ಗುತ್ತಿಗೆ ಕೂಲಿಗೆ ಇದರಲ್ಲಿ ಎಷ್ಟು ತಲುಪುತ್ತದೆ ಎಂಬುದು ಬೇರೆ ಜಗಳ. ಆದರೆ ಜಗಳ ಆಡಲಿಕ್ಕೆ ಅವನಿಗೊಂದು ಹಾಜರಿ ಪುಸ್ತಕವಾದರೂ ಇದೆ.

ಕಾರ್ಖಾನೆ ಬಂದಲ್ಲಿ ಕಾಲೊನಿ ಬರುತ್ತದೆ, ಕಾಲೊನಿ ಬಂದಲ್ಲಿ ಮನೆಗೆಲಸ ಬರುತ್ತದೆ. ಭದ್ರಾವತಿಯಿಂದ ದಾಂಡೇಲಿಯವರೆಗೆ, ತೋರಣಗಲ್ಲಿನಿಂದ ಕುಮಾರಪಟ್ಟಣದವರೆಗೆ ಇದೇ ಕಥೆ. ಒಂದೇ ಹಳ್ಳಿಯಿಂದ ಬೆಳಗಿನ ಜಾವ ಎದ್ದು ಹೊರಟ ಗಂಡ ಪಾಳಿಗೆ ಹೋದರೆ ಅವನ ದಿನ ಲೆಕ್ಕಕ್ಕೆ ಸೇರುತ್ತದೆ. ಹೆಂಡತಿ ಯಾರದೋ ಕ್ವಾರ್ಟರ್ಸಿಗೆ ಕಸ ಗುಡಿಸಿ ಭಾಂಡೆ ತಿಕ್ಕಲು ಹೋದರೆ ಆ ದಿನ ಯಾವ ಪುಸ್ತಕದಲ್ಲೂ ಸೇರುವುದಿಲ್ಲ. ಅವಳು ಇಪ್ಪತ್ತು ವರ್ಷ ದುಡಿದದ್ದಕ್ಕೆ ಒಂದು ಚೀಟಿಯ ಸಾಕ್ಷಿಯೂ ಇರುವುದಿಲ್ಲ. ಮನೆಗೆಲಸದವರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ ಎಂಬ ಮಾತು ಎದ್ದಾಗೆಲ್ಲ ಚರ್ಚೆ ಯಜಮಾನರ ಸ್ವಭಾವದ ಕಡೆ ಹೊರಳುತ್ತದೆ. ಅವರು ಒಳ್ಳೆಯವರು, ಇವರು ಜಿಪುಣರು, ಆ ಮನೆಯ ಮುದುಕಿ ಬಾಯಿಬಡುಕಿ. ಪತ್ರಿಕೆಗಳೂ ಬರೆಯುವುದು ಕ್ರೌರ್ಯದ ಪ್ರಕರಣ ಸಿಕ್ಕಾಗ ಮಾತ್ರ. ಸ್ವಭಾವದ ಈ ಮಾತನ್ನು ಸ್ವಲ್ಪ ಕಾಲ ಬದಿಗಿಡಬೇಕು ಎಂಬುದು ನನ್ನ ವಾದ. ಹಾಜರಿ ಇಲ್ಲದ ದುಡಿಮೆಯಲ್ಲಿ ಕೆಟ್ಟ ಯಜಮಾನ ಕ್ರೂರಿಯಾಗುವುದು ಸುಲಭ, ಒಳ್ಳೆಯ ಯಜಮಾನನೂ ಅನ್ಯಾಯ ಮಾಡುವುದು ಅಷ್ಟೇ ಸುಲಭ. ಅದಕ್ಕೆ ಅವನು ದುಷ್ಟನಾಗಬೇಕಿಲ್ಲ, ಸುಮ್ಮನೆ ಮರೆತರೆ ಸಾಕು. ವಲಸೆ ಬಂದವಳ ವಿಷಯದಲ್ಲಿ ಈ ಮರೆವು ಇನ್ನೂ ಸಲೀಸು, ಏಕೆಂದರೆ ನೆನಪಿಸಲು ಅವಳ ಹಿಂದೆ ಊರಿನ ಹಿರಿಯರಿಲ್ಲ, ಬಂಧುಗಳಿಲ್ಲ, ಮತದಾರರ ಪಟ್ಟಿಯಲ್ಲಿ ಹೆಸರೂ ಇಲ್ಲ.

ಈ ಸೀಮೆಯ ಹೆಂಗಸರು ಊರು ಬಿಡುವುದೇಕೆ ಎಂದು ಕೇಳಿದರೆ ಬರ ಎಂದು ಒಂದೇ ಪದದಲ್ಲಿ ಉತ್ತರ ಮುಗಿಸುವ ರೂಢಿ ಇದೆ. ಬರ ಹೌದು, ಅದರ ಜೊತೆ ಬೇರೆಯವೂ ಇವೆ. ಜೋಳ, ಹತ್ತಿಯ ಹೊಲಗಳನ್ನು ಗೋವಿನಜೋಳ ನುಂಗಿತು. ಕಳೆನಾಶಕ ಬಂದ ಮೇಲೆ ಕಳೆ ತೆಗೆಯುವ ಕೂಲಿ ಕುಗ್ಗಿತು. ಆ ಕೂಲಿ ಹೆಂಗಸರದಾಗಿತ್ತು. ಇದಕ್ಕೂ ಮೊದಲು ಕೈತಪ್ಪಿದ್ದು ಊರೊಟ್ಟಿನ ಗೋಮಾಳ, ಗಾಯರಾಣ. ಇಲ್ಲಿ ಕುಮಾರಪಟ್ಟಣದ ಹೆಸರು ಮತ್ತೆ ಬರುತ್ತದೆ. ಪಲ್ಪಿಗೆ ಮರ ಬೇಕು. ಅದಕ್ಕಾಗಿ 1984ರಲ್ಲಿ ಸರ್ಕಾರದ ಅರಣ್ಯ ನಿಗಮವೂ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿದವು. ಜನ ದನ ಮೇಯಿಸುತ್ತಿದ್ದ, ಪುಳ್ಳೆ ಆರಿಸುತ್ತಿದ್ದ ಸುಮಾರು 30,000 ಹೆಕ್ಟೇರ್ ನೆಲದಲ್ಲಿ ನೀಲಗಿರಿ ಬೆಳೆಸುವುದು ಯೋಜನೆ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಇದರ ವಿರುದ್ಧ ನಿಂತಿತು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ಆದದ್ದು ಹೀಗೆ. 1991ರಲ್ಲಿ ಪಲ್ಪ್‌ವುಡ್ ಕಂಪನಿ ಮುಚ್ಚಿತು. ಕಾರ್ಖಾನೆಯ ಕೊಳೆನೀರಿನಿಂದ ತುಂಗಭದ್ರೆಯಲ್ಲಿ ಮೀನು ಸತ್ತದ್ದರ ವಿರುದ್ಧ ನಡೆದ ಹೋರಾಟವೂ ಎಂಬತ್ತರ ದಶಕದ್ದೇ. ಈ ಎರಡೂ ಹೋರಾಟಗಳಲ್ಲಿ ಬಲ ಬಂದದ್ದು ದಾಖಲೆಯಿಂದ: ಎಷ್ಟು ಎಕರೆ, ಯಾವ ಸರ್ವೆ ನಂಬರು, ಯಾವ ದಿನ ಎಲ್ಲಿ ಮೀನು ತೇಲಿದವು. ಹೊಳೆಯ ಸತ್ತ ಮೀನಿಗೂ ಲೆಕ್ಕ ಸಿಕ್ಕಿತು. ಅದೇ ಹೊಳೆ ದಾಟಿ ದುಡಿಯಲು ಹೋದ ಹೆಂಗಸಿಗೆ ಸಿಗಲಿಲ್ಲ.

ಹೋಗುವ ದಾರಿ ಎರಡು. ಹಾವೇರಿ, ರಾಣೆಬೆನ್ನೂರು, ಹರಿಹರಗಳಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಿಗೆ ಬೆಂಗಳೂರು. ಹುಬ್ಬಳ್ಳಿಗೆ ಹೋಗಿ ಲೋಂಡಾ ಮಾರ್ಗ ಹಿಡಿದರೆ ವಾಸ್ಕೊ, ಮಡಗಾಂವ್. ‘ದುಡಿಯಾಕ ಹೋಗ್ಯಾರ’ ಎಂದರೆ ಊರಲ್ಲಿ ಈ ಎರಡರಲ್ಲಿ ಒಂದು ಎಂದೇ ಅರ್ಥ. ಗೋವಾದ ಬೈನಾ, ಜುವಾರಿನಗರ, ಮೋತಿ ಡೊಂಗರ್‌ಗಳಲ್ಲಿ ಹಾವೇರಿ, ಗದಗ, ಬಾಗಲಕೋಟೆಯ ಕನ್ನಡ ಮಾತನಾಡುವ ಕುಟುಂಬಗಳು ತಲೆಮಾರುಗಳಿಂದ ಇವೆ. ಗಂಡಸರು ಕಟ್ಟಡಕ್ಕೆ, ಹೆಂಗಸರು ಮನೆಗಳಿಗೆ. ಅವರನ್ನು ಅಲ್ಲಿ ‘ಘಾಂಟಿ’ ಎಂದು ಕೀಳಾಗಿ ಕರೆಯುವುದನ್ನು ಕೇಳಿ ನಮ್ಮ ಪತ್ರಿಕೆಗಳು ಸಿಟ್ಟಾಗುತ್ತವೆ, ಆಗಬೇಕಾದದ್ದೇ. ಆದರೆ 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ‘ಬಾಂಗ್ಲಾದೇಶಿಗಳು’ ಎಂಬ ಗುಲ್ಲೆಬ್ಬಿಸಿ ಶೆಡ್ಡುಗಳನ್ನು ನೆಲಸಮ ಮಾಡಿದಾಗ ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು, ಈಶಾನ್ಯ ರಾಜ್ಯಗಳವರೂ ಇದ್ದರು. ಅಕ್ಕಪಕ್ಕದ ಅಪಾರ್ಟ್‌ಮೆಂಟುಗಳಲ್ಲಿ ಕಸ ಮುಸುರೆ ಮಾಡುತ್ತಿದ್ದ ಹೆಂಗಸರು ಗುರುತಿನ ಚೀಟಿ ಹಿಡಿದು ತಾವು ಕನ್ನಡದವರೆಂದು ಸಾಬೀತು ಮಾಡಬೇಕಾಯಿತು. ತೆರವು ಕಾನೂನುಬಾಹಿರ ಎಂದು ಹೈಕೋರ್ಟ್ ಹೇಳಿದ್ದು ಆಮೇಲೆ. ಅದಕ್ಕೂ ಏಳು ವರ್ಷ ಮೊದಲು, 2013ರ ಜನವರಿಯಲ್ಲಿ, ಈಜಿಪುರದ ಬಡವರ ವಸತಿಯನ್ನು ಕೆಡವಿದಾಗ ಕೋರಮಂಗಲದ ಎಷ್ಟೋ ಮನೆಗಳ ಕೆಲಸದವರು ಸರ್ಜಾಪುರದ ದಾರಿಯ ಸೂಲಿಕುಂಟೆಯವರೆಗೆ ಚದುರಿಹೋದರು. ಕೋರಮಂಗಲದ ಮನೆಗಳಿಗೆ ಅದು ಕೆಲವು ದಿನ ಪಾತ್ರೆ ತೊಳೆಯುವವರಿಲ್ಲದ ತಾಪತ್ರಯ. ತೊಳೆಯುವವರ ಪಾಲಿಗೆ ಕೆಲಸವೂ ಮನೆಯೂ ಒಟ್ಟಿಗೆ ಹೋದ ವಾರ.

ದುಡಿಮೆಯ ಜಾಗದಲ್ಲಿ ನಡೆಯುವುದೇನು ಎಂಬುದನ್ನು ಬೆಂಗಳೂರಿನ ಸಂಘಟನೆಗಳು ಮೂರು ದಶಕಗಳಿಂದ ಹೇಳುತ್ತ ಬಂದಿವೆ. ಗೀತಾ ಮೆನನ್ ಅವರ ಸ್ತ್ರೀ ಜಾಗೃತಿ ಸಮಿತಿ, ಅದರಿಂದ ಹುಟ್ಟಿದ ಮನೆಗೆಲಸ ಕಾರ್ಮಿಕರ ಹಕ್ಕುಗಳ ಯೂನಿಯನ್, ಬೃಹತ್ ಬೆಂಗಳೂರು ಗೃಹಕಾರ್ಮಿಕರ ಸಂಘ, ಎಲ್ಲರದೂ ಹೆಚ್ಚು ಕಡಿಮೆ ಒಂದೇ ವರದಿ: ವಾರದ ಸೂಟಿ ಇಲ್ಲ, ಖಾಡೆ ಮಾಡಿದರೆ ಪಗಾರಕ್ಕೆ ಕತ್ತರಿ, ಹೆರಿಗೆಗೆ ಹೋದರೆ ಕೆಲಸ ಇನ್ನೊಬ್ಬರಿಗೆ, ಬೇರೆ ಲೋಟ, ಬೇರೆ ಲಿಫ್ಟು. ಬೇರೆ ಲೋಟದ ಹಿಂದೆ ಜಾತಿ ಇದೆ ಎಂದು ಬಿಡಿಸಿ ಹೇಳಬೇಕಿಲ್ಲ. ನೆಲ ಒರೆಸುವವಳು ಒಂದು ಜಾತಿ, ಶೌಚಾಲಯ ತೊಳೆಯುವವಳು ಇನ್ನೊಂದು, ಅಡುಗೆಗೆ ಬರುವವಳು ಮತ್ತೊಂದು ಎಂಬ ವಿಂಗಡಣೆ ಹಳ್ಳಿಯಿಂದ ಹದಿನಾಲ್ಕನೇ ಮಹಡಿಗೆ ಲಿಫ್ಟಿನಲ್ಲೇ ಏರಿ ಬಂದಿದೆ. ಹಳ್ಳಿಯಲ್ಲಿ ಜಾತಿ ಎಲ್ಲರಿಗೂ ಗೊತ್ತು. ನಗರದಲ್ಲಿ ಅದನ್ನು ಮುಚ್ಚಿಟ್ಟು ಅಡುಗೆ ಕೆಲಸ ಹಿಡಿದವಳಿಗೆ ಪಗಾರ ಹೆಚ್ಚು, ಎದೆಬಡಿತವೂ ಹೆಚ್ಚು.

‘ನಾವು ಅವಳನ್ನು ಮನೆಯವಳ ಹಾಗೆ ನೋಡಿಕೊಳ್ಳುತ್ತೇವೆ’ ಎಂಬುದು ಇದಕ್ಕೆಲ್ಲ ಬರುವ ಮೊದಲ ಆಕ್ಷೇಪ, ಮತ್ತು ಹೇಳುವವರು ಬಹಳ ಸಲ ಪ್ರಾಮಾಣಿಕರೇ ಆಗಿರುತ್ತಾರೆ. ದೀಪಾವಳಿಗೆ ಸೀರೆ, ಮಗಳ ಮದುವೆಗೆ ಐದು ಸಾವಿರ, ಮಕ್ಕಳಿಗೆ ಹಳೇ ಪುಸ್ತಕ, ಇವೆಲ್ಲ ಸುಳ್ಳಲ್ಲ. ಆದರೆ ಈ ಮನೆಯವಳ ಸ್ಥಾನ ಎಷ್ಟು ಗಟ್ಟಿ ಎಂದು ನೋಡಲು 2020ರ ಮಾರ್ಚ್ ನಮಗೊಂದು ಪರೀಕ್ಷೆ ಒಡ್ಡಿತು. ಲಾಕ್‌ಡೌನಿನ ಹೊತ್ತಿಗೆ ಬೆಂಗಳೂರಿನ ಮೂರು ಸಂಘಟನೆಗಳು ಎರಡು ಸಾವಿರಕ್ಕೂ ಹೆಚ್ಚು ಮನೆಗೆಲಸದವರನ್ನು ಕೇಳಿ ನೋಡಿದಾಗ ಹತ್ತರಲ್ಲಿ ಒಂಬತ್ತು ಮಂದಿಗೆ ಏಪ್ರಿಲ್ ಪಗಾರ ಬಂದಿರಲಿಲ್ಲ. ವಯಸ್ಸಾದವರನ್ನು ಮತ್ತೆ ಕರೆಯುವುದೇ ಬೇಡ ಎಂದು ತೀರ್ಮಾನಿಸಿದ ಮನೆಗಳು ಬಹಳ. ಈ ಮನೆಗಳಲ್ಲಿ ಎಲ್ಲರೂ ಕಟುಕರು ಎಂದು ನಂಬಲು ನಾನು ಸಿದ್ಧನಿಲ್ಲ. ಅದೇ ತಿಂಗಳು ಕಾರ್ಖಾನೆಯ ಕಾಯಂ ಕಾರ್ಮಿಕನ ಹೆಸರು ಪುಸ್ತಕದಲ್ಲಿತ್ತು, ಸಂಬಳ ನಿಲ್ಲಿಸಬೇಕಾದರೆ ಯಾರಾದರೂ ಕಾರಣ ಬರೆದು ಸಹಿ ಹಾಕಬೇಕಿತ್ತು. ಮನೆಗೆಲಸದವಳ ಪಗಾರ ನಿಲ್ಲಿಸಲು ಯಾರೂ ಏನೂ ಬರೆಯಬೇಕಿರಲಿಲ್ಲ. ಒಂದು ಫೋನು ಸಾಕಾಯಿತು, ಕೆಲವೆಡೆ ಅದೂ ಬೇಕಾಗಲಿಲ್ಲ. ಅಂದಹಾಗೆ, ಮನೆಯವಳ ಹಾಗೆ ಎನ್ನುವ ಮನೆಗಳಲ್ಲಿ ಆಕೆ ಸೋಫಾದ ಮೇಲೆ ಕುಳಿತದ್ದನ್ನು ನೋಡಿದವರು ಕಡಿಮೆ.

ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು: ಮನೆ ಕಾರ್ಖಾನೆಯಲ್ಲ. ಲಾಭ ಗಳಿಸುವ ಜಾಗವಲ್ಲ, ಲೇಬರ್ ಇನ್‌ಸ್ಪೆಕ್ಟರ್ ಮಲಗುವ ಕೋಣೆಗೆ ನುಗ್ಗಲು ಬಿಡಲಾಗದು. ಕಾನೂನೂ ಇದನ್ನು ಒಪ್ಪಿಕೊಂಡೇ ಬಂದಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ‘ಉದ್ಯಮ’ ಎಂದರೆ ಏನೆಂದು ಹೇಳುವಾಗ ಮನೆಗೆಲಸವನ್ನು ಹೊರಗಿಟ್ಟಿದೆ. ಜಿನೀವಾದಲ್ಲಿ 2011ರ ಜೂನ್ 16ರಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಗೆಲಸದವರ ಹಕ್ಕುಗಳ 189ನೇ ಒಡಂಬಡಿಕೆ ತಂದಾಗ ಭಾರತ ಪರವಾಗಿ ಮತ ಹಾಕಿತು, ಆದರೆ ಊರಿಗೆ ಬಂದು ಅನುಮೋದಿಸಲಿಲ್ಲ. ಹಾಗಾದರೆ ಮನೆಯ ಹೊಸ್ತಿಲು ಅಷ್ಟು ಪವಿತ್ರವೇ? 2005ರಲ್ಲಿ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಅದನ್ನು ದಾಟಿತು. 2006ರ ಅಕ್ಟೋಬರ್ 10ರಿಂದ 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧವಾಯಿತು. ಆಗಲೂ ಮನೆಯ ಖಾಸಗಿತನದ ಮಾತು ಎದ್ದಿತ್ತು, ಆಮೇಲೆ ತಣ್ಣಗಾಯಿತು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಮನೆಯನ್ನು ಕೆಲಸದ ಸ್ಥಳವೆಂದೇ ಕರೆಯಿತು. ಆ ಕಾಯ್ದೆಯ ಕೊರತೆಯೇ ಇಲ್ಲಿ ಪಾಠ. ಮನೆಗೆಲಸದವಳು ದೂರು ಕೊಡಬೇಕಾದದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ. ಸಮಿತಿಗೆ ಮೇಲ್ನೋಟಕ್ಕೆ ಸತ್ಯ ಕಂಡರೆ ಏಳು ದಿನದೊಳಗೆ ಪೊಲೀಸರಿಗೆ ಕಳಿಸಬೇಕು. ಕಚೇರಿಯ ನೌಕರಳಿಗೆ ವಿಚಾರಣೆ, ಪರಿಹಾರ, ವರ್ಗಾವಣೆ ಎಂಬ ಹಾದಿಗಳಿವೆ. ಇವಳಿಗೆ ಠಾಣೆಯ ಮೆಟ್ಟಿಲೊಂದೇ. ಅಲ್ಲಿ ಮೊದಲ ಪ್ರಶ್ನೆ, ಆ ಮನೆಯಲ್ಲಿ ನೀನು ಕೆಲಸ ಮಾಡುತ್ತಿದ್ದೆ ಎಂಬುದಕ್ಕೆ ಏನು ಆಧಾರ? ಇನ್‌ಸ್ಪೆಕ್ಟರ್ ಕೋಣೆಗೆ ಬರುವುದು ಬೇಡ ಎನ್ನುವವರ ಮಾತನ್ನು ಒಪ್ಪೋಣ. ಬೇಕಾದದ್ದು ಹೊಸ್ತಿಲ ಹೊರಗೇ ಸಿಗುವ ಒಂದು ದಾಖಲೆ.

ಆ ದಾಖಲೆ ಇಲ್ಲದ ಕಾನೂನು ಹೇಗೆ ಸೊರಗುತ್ತದೆ ಎಂಬುದಕ್ಕೆ ಕರ್ನಾಟಕವೇ ಉದಾಹರಣೆ. ಮನೆಗೆಲಸಕ್ಕೆ ಕನಿಷ್ಠ ಕೂಲಿ ಗೊತ್ತುಪಡಿಸಿ 2004ರಲ್ಲೇ ಅಧಿಸೂಚನೆ ಹೊರಡಿಸಿ ನಮ್ಮ ರಾಜ್ಯ ದೇಶಕ್ಕೆ ದಾರಿ ತೋರಿತು. ಎರಡು ದಶಕ ಕಳೆದರೂ ಆ ದರ ಎಷ್ಟೆಂದು ರಾಣೆಬೆನ್ನೂರಿನಲ್ಲಾಗಲಿ ಜಯನಗರದಲ್ಲಾಗಲಿ ಕೆಲಸ ಕೊಡುವವರಿಗೂ ಗೊತ್ತಿಲ್ಲ, ಮಾಡುವವರಿಗೂ ಗೊತ್ತಿಲ್ಲ. ದರ ನಿಗದಿಯಾಗುವುದು ಪಕ್ಕದ ಮನೆಯವರು ಎಷ್ಟು ಕೊಡುತ್ತಾರೆ ಎಂಬುದರ ಮೇಲೆ. ದೇಶದಲ್ಲಿ ಇವರು ಎಷ್ಟು ಮಂದಿ ಎಂಬುದೂ ಇತ್ಯರ್ಥವಾಗಿಲ್ಲ. 2004-05ರ ಸರ್ಕಾರಿ ಮಾದರಿ ಸಮೀಕ್ಷೆ 47.5 ಲಕ್ಷ ಎಂದರೆ ಸಂಘಟನೆಗಳು ಕೋಟಿಗಳಲ್ಲಿ ಮಾತನಾಡುತ್ತವೆ. ಜಗತ್ತಿನ ಮಟ್ಟದಲ್ಲಿ 2021ರ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜು 7.56 ಕೋಟಿ, ಅವರಲ್ಲಿ ಮುಕ್ಕಾಲು ಪಾಲು ಹೆಂಗಸರು, ಐವರಲ್ಲಿ ನಾಲ್ವರು ಅನೌಪಚಾರಿಕ ದುಡಿಮೆಯಲ್ಲಿರುವವರು.

ದಾಖಲೆಯ ಬದಲು ನಿಷೇಧದ ಹಾದಿ ಹಿಡಿದರೆ ಏನಾಗುತ್ತದೆ ಎಂಬುದನ್ನು ಕೊಲ್ಲಿ ದೇಶಗಳ ವಲಸೆ ತೋರಿಸಿದೆ. 30 ವರ್ಷ ತುಂಬದ ಹೆಂಗಸರು ಮನೆಗೆಲಸಕ್ಕೆಂದು ಈ ದೇಶಗಳಿಗೆ ಹೋಗುವಂತಿಲ್ಲ. 2016ರಿಂದೀಚೆಗೆ ಅಂಥ ನೇಮಕ ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗಬೇಕು. ಉದ್ದೇಶ ಒಳ್ಳೆಯದೇ. ಆದರೆ ಅದೇ 2016ರಲ್ಲಿ ಉಡುಪಿ ಜಿಲ್ಲೆಯ ಒಬ್ಬ ತಾಯಿ ಏಜೆಂಟರ ಮಾತು ನಂಬಿ ಹೊರಟು, ಸೌದಿಯ ಮನೆಯೊಂದರಲ್ಲಿ ಸಿಕ್ಕಿಬಿದ್ದರು. ಡಾ. ರವೀಂದ್ರನಾಥ ಶಾನಭಾಗರ ಮಾನವ ಹಕ್ಕುಗಳ ಪ್ರತಿಷ್ಠಾನ ತಿಂಗಳುಗಟ್ಟಲೆ ಪತ್ರ, ಫೋನು, ರಾಯಭಾರ ಕಚೇರಿ ಎಂದು ಓಡಾಡಿದ ಮೇಲೆ 2017ರಲ್ಲಿ ಅವರು ಊರಿಗೆ ಮರಳಿದರು. ಹೋಗಬೇಡ ಎಂದು ಕಾನೂನು ಹೇಳಿದರೆ ಬಡತನ ನಿಲ್ಲುವುದಿಲ್ಲ, ಪ್ರವಾಸಿ ವೀಸಾದ ಕಳ್ಳದಾರಿ ಹಿಡಿಯುತ್ತದೆ, ಆಗ ಆಕೆ ಎಲ್ಲಿದ್ದಾಳೆಂದು ಸರ್ಕಾರದ ಪುಸ್ತಕಕ್ಕೂ ತಿಳಿಯುವುದಿಲ್ಲ. ಇಂಥ ವಿಷಯದಲ್ಲಿ ನಮ್ಮ ದೇಶಾಭಿಮಾನ ಎತ್ತ ವಾಲುತ್ತದೆ ಎಂಬುದೂ ವಿಚಿತ್ರವೇ. 2013ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಭಾರತದ ರಾಜತಾಂತ್ರಿಕ ಅಧಿಕಾರಿಯೊಬ್ಬರನ್ನು, ಮನೆಗೆಲಸಕ್ಕೆ ಕರೆದೊಯ್ದಾಕೆಯ ಸಂಬಳದ ಬಗ್ಗೆ ವೀಸಾ ಕಾಗದದಲ್ಲಿ ಸುಳ್ಳು ಹೇಳಿದ ಆರೋಪದ ಮೇಲೆ ಬಂಧಿಸಿದಾಗ ದೇಶವೇ ಕೆರಳಿತು. ಅಧಿಕಾರಿಯನ್ನು ನಡೆಸಿಕೊಂಡ ರೀತಿಗೆ ಕೆರಳುವುದು ನ್ಯಾಯವೇ ಇರಬಹುದು. ಆಕೆಯ ಮನೆಯಲ್ಲಿ ದುಡಿದವಳೂ ಭಾರತೀಯಳೇ ಎಂಬುದು ಆ ಗದ್ದಲದಲ್ಲಿ ಯಾರಿಗೂ ನೆನಪಾಗಲಿಲ್ಲ.

ಇನ್ನೊಂದು ಮಾತು ಕಳ್ಳತನದ್ದು. ಮನೆಯೊಳಗೆ ಬಿಟ್ಟುಕೊಳ್ಳುವವರನ್ನು ಪರೀಕ್ಷಿಸುವುದು ತಪ್ಪೇ ಎಂದು ಕೇಳುತ್ತಾರೆ. ತಪ್ಪಲ್ಲ. ಆದರೆ ಪೊಲೀಸ್ ಪರಿಶೀಲನೆ, ಆಧಾರ್ ಪ್ರತಿ, ಗೇಟಿನಲ್ಲಿ ಚೀಲ ತಪಾಸಣೆ, ಅಡುಗೆಮನೆಯಲ್ಲಿ ಕ್ಯಾಮೆರಾ, ಇಷ್ಟೆಲ್ಲ ಒಂದೇ ಕಡೆಗೆ ಹರಿಯುವ ಪರೀಕ್ಷೆ. ಯಜಮಾನರು ಹಿಂದಿನ ಕೆಲಸದವಳ ಪಗಾರ ಮುಳುಗಿಸಿದ್ದಾರೆಯೇ ಎಂದು ತಿಳಿಯುವ ಉಪಾಯ ಅವಳಿಗಿಲ್ಲ. ಹಿರೇಕೆರೂರಿನ ಗಡಿಯಾಚೆ, ಶಿಕಾರಿಪುರ ಸೀಮೆಯ ಜಂಬೂರಿನವಳು ಎನ್ನಲಾದ ವಚನಕಾರ್ತಿ ಸತ್ಯಕ್ಕನ ಕಾಯಕ ಅಂಗಳ ಗುಡಿಸುವುದು. ದಾರಿಯಲ್ಲಿ ಬಿದ್ದ ಹೊನ್ನನ್ನೂ ವಸ್ತ್ರವನ್ನೂ ಮುಟ್ಟೆನೆಂದು ಆಕೆ ವಚನದಲ್ಲಿ ಆಣೆ ಇಟ್ಟಿದ್ದಾಳೆ. ಹನ್ನೆರಡನೇ ಶತಮಾನದ ಕಸಗುಡಿಸುವ ಹೆಂಗಸು ತನ್ನ ಪ್ರಾಮಾಣಿಕತೆಯ ಮಾತನ್ನು ತಾನೇ ಆಡಿ ಸಹಿ ಹಾಕಿದಳು. ಇಂದಿನವಳ ಪರವಾಗಿ ಕ್ಯಾಮೆರಾ ಮಾತನಾಡುತ್ತದೆ, ಅದೂ ಅವಳ ವಿರುದ್ಧ ಹೇಳುವುದಿದ್ದಾಗ ಮಾತ್ರ.

ಊರಲ್ಲಿದ್ದುದಕ್ಕಿಂತ ಇದು ಮೇಲಲ್ಲವೇ ಎಂಬ ಪ್ರಶ್ನೆಗೆ ಹೌದು ಎಂದೇ ಉತ್ತರಿಸಬೇಕು. ಬ್ಯಾಡಗಿಯ ಘಾಟಿಗಿಂತ, ಹಂಗಾಮು ಮುಗಿದ ಹೊಲಕ್ಕಿಂತ ನಗರದ ನಾಲ್ಕು ಮನೆ ಮೇಲು. ತಿಂಗಳಿಗೆ ಕೈಗೆ ಬರುವ ನಗದು ಗಂಡನ ಕೈ ಸೇರುವ ಮುನ್ನ ಚೀಟಿಗೆ ಕಟ್ಟಬಹುದು, ಮಕ್ಕಳನ್ನು ಶಾಲೆಗೆ ಹಾಕಬಹುದು. 2023ರ ಜೂನಿನಿಂದ ಶಕ್ತಿ ಯೋಜನೆಯ ಬಸ್ಸು ಪುಕ್ಕಟೆಯಾದ ಮೇಲೆ ದೂರದ ಬಡಾವಣೆಯ ಹೆಚ್ಚು ಪಗಾರದ ಮನೆ ಹಿಡಿಯುವುದೂ ಸಾಧ್ಯವಾಗಿದೆ. ಈ ಸ್ವಾತಂತ್ರ್ಯವನ್ನು ಹೆಂಗಸರು ತಾವೇ ಗಳಿಸಿಕೊಂಡದ್ದು, ಅವರನ್ನು ಬರೀ ಬಲಿಪಶುಗಳೆಂದು ಬರೆಯುವುದು ಅವಮಾನ. ಆದರೆ ಕೆಲಸ ಹಿಂದಿನದಕ್ಕಿಂತ ಮೇಲು ಎಂಬುದು ಅದರ ನಿಯಮಗಳಿಗೆ ಸಮರ್ಥನೆಯಲ್ಲ. ಪಲ್ಪ್ ಕಾರ್ಖಾನೆಯ ಕೂಲಿಯೂ ಹೊಲದ ಕೂಲಿಗಿಂತ ಮೇಲಿತ್ತು, ಅದಕ್ಕೆಂದು ಯಾರೂ ಅಲ್ಲಿ ಇಎಸ್‌ಐ ಬೇಡವೆನ್ನಲಿಲ್ಲ.

ಕಾನೂನು ಬಿಗಿ ಮಾಡಿದರೆ ಮಧ್ಯಮ ವರ್ಗ ಕೆಲಸದವರನ್ನೇ ಬಿಟ್ಟು ಯಂತ್ರ ತರುತ್ತದೆ ಎಂಬ ಹೆದರಿಕೆಯನ್ನು ತಳ್ಳಿಹಾಕಲಾಗದು, ಕೆಲವು ಮನೆಗಳಲ್ಲಿ ಹಾಗೆ ಆಗಿಯೇ ತೀರುತ್ತದೆ. 2004ರ ಕನಿಷ್ಠ ಕೂಲಿಯಿಂದ ಬೆಂಗಳೂರಿನಲ್ಲಿ ಮನೆಗೆಲಸ ಕಡಿಮೆಯಾಗಲಿಲ್ಲವಲ್ಲ ಎಂದು ವಾದಿಸಬಹುದು. ಆದರೆ ಜಾರಿಯಾಗದ ಕಾನೂನಿನಿಂದ ಏನನ್ನೂ ಸಾಬೀತು ಮಾಡಲಾಗದು, ಆ ವಾದ ನನಗೇ ರುಚಿಸುವುದಿಲ್ಲ. ಬೇಡಿಕೆ ನಿಂತಿರುವುದು ಬೇರೆ ಆಧಾರದ ಮೇಲೆ. ಹೊರಗೆ ದುಡಿಯುವ ಹೆಂಗಸರು ಹೆಚ್ಚಿದ್ದಾರೆ, ಗಂಡಸರು ಇನ್ನೂ ಪಾತ್ರೆ ಮುಟ್ಟಿಲ್ಲ, ಮುದುಕರನ್ನು ನೋಡಿಕೊಳ್ಳುವವರಿಲ್ಲ. ಡಿಶ್‌ವಾಷರ್ ಮುದುಕರಿಗೆ ಗುಳಿಗೆ ಕೊಡುವುದಿಲ್ಲ. 2025ರಲ್ಲಿ ನಗರಗಳಲ್ಲಿ ಹದಿನೈದು ನಿಮಿಷಕ್ಕೆ ಮನೆಗೆಲಸದವರನ್ನು ಕಳಿಸುವ ಆಪ್‌ಗಳು ಬಂದದ್ದು ಈ ಬೇಡಿಕೆಯನ್ನು ನಂಬಿಯೇ.

ಉಳಿದದ್ದು ನಿಜವಾದ ತೊಡಕು: ಒಬ್ಬಳು ಐದು ಮನೆಗೆ ಹೋದರೆ ಮಾಲೀಕರು ಯಾರು? ಇದಕ್ಕೆ ಉತ್ತರ ಬ್ಯಾಡಗಿಯ ಅಂಗಳದಲ್ಲೇ ಇದೆ. ಚೀಲ ಹೊರುವ ಹಮಾಲ ಬೆಳಿಗ್ಗೆ ಒಬ್ಬ ದಲಾಲರ ಅಂಗಡಿಯಲ್ಲಿ, ಮಧ್ಯಾಹ್ನ ಇನ್ನೊಬ್ಬರಲ್ಲಿ. ಅವನಿಗೂ ಒಬ್ಬ ಮಾಲೀಕನಿಲ್ಲ. ಮಹಾರಾಷ್ಟ್ರ 1969ರಲ್ಲೇ ಮಾಥಾಡಿ ಕಾಯ್ದೆ ಮಾಡಿ ಈ ಗಂಟು ಬಿಡಿಸಿತು: ಹಮಾಲರೂ ವರ್ತಕರೂ ಮಂಡಳಿಯಲ್ಲಿ ನೋಂದಾಯಿಸಬೇಕು, ಕೂಲಿಯ ಜೊತೆಗೆ ವರ್ತಕರು ಒಂದಿಷ್ಟು ಸುಂಕ ಕಟ್ಟಬೇಕು, ಭವಿಷ್ಯ ನಿಧಿ ರಜೆ ಚಿಕಿತ್ಸೆಗಳನ್ನು ಮಂಡಳಿ ನೋಡಿಕೊಳ್ಳಬೇಕು. ಕರ್ನಾಟಕದಲ್ಲಿ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯ ವರ್ಗಗಳ ಪಟ್ಟಿಯಲ್ಲಿ ಹಮಾಲರೂ ಮನೆಗೆಲಸದವರೂ ಈಗಾಗಲೇ ಅಕ್ಕಪಕ್ಕ ಇದ್ದಾರೆ. ಕಾರ್ಡು ಇದೆ, ನಿಧಿಗೆ ದುಡ್ಡು ಹಾಕುವವರಿಲ್ಲ ಅಷ್ಟೇ. ಅಪಾರ್ಟ್‌ಮೆಂಟು ಕಟ್ಟುವಾಗ ಕಟ್ಟಡದ ವೆಚ್ಚದಲ್ಲಿ ಶೇ 1 ಸೆಸ್ ಕಟ್ಟುವುದು 1996ರ ಕಾಯ್ದೆಯ ಕಾಲದಿಂದ ಬಂದಿದೆ. ಅದೇ ಕಟ್ಟಡಕ್ಕೆ ಊಟ ತಂದುಕೊಡುವ ಹುಡುಗನಿಗೆ 2025ರ ಗಿಗ್ ಕಾರ್ಮಿಕರ ಕಾಯ್ದೆ ಪ್ರತಿ ವಹಿವಾಟಿನಿಂದ ಶೇ 1ರಿಂದ 5ರ ಕಲ್ಯಾಣ ಶುಲ್ಕ ಎತ್ತಿಡುತ್ತದೆ. ಆ ಊಟದ ತಟ್ಟೆ ತೊಳೆಯುವವಳ ಸರದಿ ಮಾತ್ರ ಬಾಕಿ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮನೆಗೆಲಸದವರಿಗೆ ಪ್ರತ್ಯೇಕ ಕಾನೂನು ಬೇಕೇ ಎಂದು ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಹೇಳಿತು. ಅದೇ ವರ್ಷ ಕಾರ್ಮಿಕ ಸಚಿವ ಸಂತೋಷ್ ಲಾಡ್ ಅವರ ಇಲಾಖೆ ರಾಜ್ಯದ ಕರಡು ಮಸೂದೆಯನ್ನು ಜನರ ಮುಂದಿಟ್ಟಿತು. ನೋಂದಣಿ, ಬರಹದ ಒಪ್ಪಂದ, ಮೂರೂ ಕಡೆಯವರಿರುವ ಮಂಡಳಿ, ಪಗಾರದ ಶೇ 5ರವರೆಗೆ ಕಲ್ಯಾಣ ಶುಲ್ಕ, ಎಲ್ಲ ಅದರಲ್ಲಿದೆ.

ಕರಡಿನ ಮೇಲೆ ಎದ್ದಿರುವ ದೊಡ್ಡ ಅನುಮಾನ ವಸೂಲಿಯದು. ಮನೆ ಮನೆಗೆ ಹೋಗಿ ಶೇ 5 ಎತ್ತುವವರು ಯಾರು? ಬಿಡಿ ಮನೆಗಳೇ ಹೆಚ್ಚಿರುವ ರಾಣೆಬೆನ್ನೂರಿನಂಥ ಊರಲ್ಲಿ ಇದು ಕಷ್ಟ, ಅಲ್ಲಿ ಪುರಸಭೆ, ನಗರಸಭೆಗಳ ಮನೆ ತೆರಿಗೆಯ ಜೊತೆ ಸೇರಿಸುವುದೊಂದೇ ಹಾದಿ ಎಂದು ತೋರುತ್ತದೆ, ಅದಕ್ಕೆ ವರ್ಷಗಳು ಹಿಡಿಯಬಹುದು. ಆದರೆ ವಲಸೆ ಹೋದವರು ಹೆಚ್ಚಾಗಿ ದುಡಿಯುವ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ, ಕಂಪನಿ ಕಾಲೊನಿಗಳಲ್ಲಿ ಈ ನೆಪ ನಿಲ್ಲದು. ಅಲ್ಲಿ ಸಂಘ ಪ್ರತಿ ತಿಂಗಳು ನಿರ್ವಹಣಾ ಶುಲ್ಕ ಚಾಚೂ ತಪ್ಪದೆ ವಸೂಲಿ ಮಾಡುತ್ತದೆ. ಗೇಟಿನ ಆಪ್‌ನಲ್ಲಿ ಕೆಲಸದವಳ ಫೋಟೊ ಇದೆ, ಯಾವ ಯಾವ ಮನೆಗೆ ಹೋಗುತ್ತಾಳೆ ಎಂಬುದಿದೆ, ಒಳಬಂದ ಹೊತ್ತು ಹೊರಹೋದ ಹೊತ್ತು ನಿಮಿಷದ ಲೆಕ್ಕದಲ್ಲಿದೆ, ಅವಳಿಗೆ ಕೊಟ್ಟ ನಕ್ಷತ್ರಗಳೂ ಇವೆ. ಅಂದರೆ ಇಷ್ಟು ಹೊತ್ತು ಇಲ್ಲ ಇಲ್ಲ ಎಂದ ಹಾಜರಿ ಪುಸ್ತಕ ಆ ಗೇಟಿನಲ್ಲಿ ಇದ್ದೇ ಇದೆ, ನಮ್ಮ ಬಳಿ ಮಾತ್ರ ಇದೆ. ಕರಡಿಗೆ ಇನ್ನೂ ಒಂದು ಕಲಮು ಸೇರಿಸಲು ಅಡ್ಡಿಯಿಲ್ಲ: ಗೇಟಿನಲ್ಲಿ ದಾಖಲಾದ ಪ್ರತಿ ದಿನದ ಪ್ರತಿ ಗಂಟೆಯ ನಕಲು ಆ ಹೆಂಗಸಿನ ಫೋನಿಗೂ ಕನ್ನಡದಲ್ಲಿ ಹೋಗಬೇಕು, ಪಗಾರದ ತಕರಾರು ಎದ್ದಾಗ ಮಂಡಳಿ ಅದನ್ನೇ ಸಾಕ್ಷಿಯಾಗಿ ಒಪ್ಪಬೇಕು.